ಸುಣ್ಣ ಬಳಿದರೆ ಮನೆ ಹೊಸದಾಗದು: ಬಿಎಫ್‌ಸಿಯ ‘ಮರುಕಟ್ಟುವಿಕೆ’ ಮತ್ತು ಒಬ್ಬ ಅಭಿಮಾನಿಯ ಸಿಟ್ಟು

2025ರ ಏಪ್ರಿಲ್ 12ರ ರಾತ್ರಿ. ವಾಡಿ ಜಂಕ್ಷನ್ ಹೊರಗಿನ ಚಹಾದಂಗಡಿಯಲ್ಲಿ ನಾವು ಐದು ಜನ ಒಂದೇ ಮೊಬೈಲಿಗೆ ತಲೆ ಹಾಕಿ ಕೂತಿದ್ದೆವು. ಕೋಲ್ಕತ್ತದ ಸಾಲ್ಟ್ ಲೇಕ್ ಮೈದಾನದಲ್ಲಿ ಐಎಸ್‌ಎಲ್ ಫೈನಲ್. ಬೆಂಗಳೂರು ಎಫ್‌ಸಿ ಮೊದಲು ಮುಂದಿತ್ತು. ಮೋಹನ್ ಬಗಾನ್ ಪೆನಾಲ್ಟಿಯಲ್ಲಿ ಸಮ ಮಾಡಿತು, ಹೆಚ್ಚುವರಿ ಅವಧಿಯಲ್ಲಿ ಇನ್ನೊಂದು ಹೊಡೆದು 2-1ರಲ್ಲಿ ಕಪ್ ಎತ್ತಿತು. ಮೊಬೈಲ್ ಜೇಬಿಗಿಟ್ಟೆ. ಅಂಗಡಿಯ ಕಾಕಾ ಗ್ಲಾಸು ತೊಳೆಯುತ್ತಲೇ ಕೇಳಿದರು: “ಏನಪಾ, ನಿಮ್ಮ ಟೀಮ್ ಇನ್ನಾ ಕಟ್ಲಾಕತ್ಯಾರೇನು? ಇದೂ ನಮ್ಮೂರ ರೋಡಿನಂಗೇ ಆಯ್ತಲ್ಲ!”

ನಕ್ಕೆವು. ಆದರೆ ಆ ಮಾತು ಇನ್ನೂ ನನ್ನ ಬಿಟ್ಟಿಲ್ಲ.

ನಾನು ಶಹಾಬಾದಿನವನು. ಕಲ್ಲಿನ ಪಾಲಿಶ್ ಪುಡಿ ಹಾರುವ ಬಯಲಲ್ಲಿ ಬರಿಗಾಲಲ್ಲಿ ಚೆಂಡು ಒದ್ದು ಬೆಳೆದವನು. ಓದು, ನೌಕರಿ ಅಂತ ಕೆಲವು ವರ್ಷ ಬೆಂಗಳೂರಿನಲ್ಲಿದ್ದೆ. ಊರಿಂದ ವಾಪಸ್ ಹೋಗುವಾಗ ಸಂಜೆ ವಾಡಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಬೆಳಗ್ಗೆ ಇಳಿದು, ರೂಮಿನಲ್ಲಿ ಚೀಲ ಎಸೆದು, ಸಂಜೆ ಕಂಠೀರವ ಸ್ಟೇಡಿಯಂಗೆ ಓಡಿದ್ದುಂಟು. ಈಗ ಊರಿಗೆ ಮರಳಿದ್ದೇನೆ. ಆದರೂ ತಂಡ ಬಿಟ್ಟಿಲ್ಲ. ಸೋಲುವ ತಂಡವನ್ನು ಪ್ರೀತಿಸುವುದು ಕಷ್ಟವಲ್ಲ. ಸೋತಾಗಲೆಲ್ಲ ‘ಮತ್ತೆ ಕಟ್ಟುತ್ತಿದ್ದೇವೆ, ತಾಳ್ಮೆ ಇರಲಿ’ ಅನ್ನುವುದನ್ನು ಕೇಳಿಸಿಕೊಳ್ಳುವುದು ಕಷ್ಟ. ಏನನ್ನು ಕಟ್ಟುತ್ತಿದ್ದೀರಿ ಎಂದು ಕೇಳಿದರೆ ನೇರ ಉತ್ತರ ಸಿಗುವುದಿಲ್ಲ.

ಒಮ್ಮೆ ಸರಿಯಾಗಿ ಕಟ್ಟಿದ್ದರು

ಮೊದಲು ನ್ಯಾಯವಾಗಿ ಒಂದು ಮಾತು. ಈ ಕ್ಲಬ್‌ಗೆ ತಂಡ ಕಟ್ಟಲು ಬರುವುದಿಲ್ಲ ಎಂದಲ್ಲ. 2013ರಲ್ಲಿ ಶುರುವಾದ ಕ್ಲಬ್ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. 2018-19ರಲ್ಲಿ ಐಎಸ್‌ಎಲ್ ಟ್ರೋಫಿಯೂ ಬಂತು. ಆ ದಿನಗಳ ಗುಟ್ಟು ದೊಡ್ಡದೇನಲ್ಲ. 2013ರಿಂದ 2021ರ ಜನವರಿವರೆಗೆ ಕೋಚ್‌ಗಳು ಮೂರೇ ಜನ: ಆಶ್ಲಿ ವೆಸ್ಟ್‌ವುಡ್, ಆಲ್ಬರ್ಟ್ ರೋಕಾ, ಕಾರ್ಲೆಸ್ ಕ್ವಾಡ್ರಾಟ್. ಮೂರನೆಯವರು ಎರಡನೆಯವರ ಸಹಾಯಕರಾಗಿದ್ದವರೇ. ಕೋಚ್ ಹೋದರೂ ಆಟದ ರೀತಿ ಉಳಿಯುತ್ತಿತ್ತು.

ಆಮೇಲೆ ಲೆಕ್ಕ ತಪ್ಪಿತು. 2021ರ ಜನವರಿಯಲ್ಲಿ ಸೀಸನ್ ಮಧ್ಯದಲ್ಲೇ ಕ್ವಾಡ್ರಾಟ್ ಹೋದರು. ಹಂಗಾಮಿಯಾಗಿ ನೌಶಾದ್ ಮೂಸಾ. ನಂತರ ಮಾರ್ಕೊ ಪೆಜ್ಜೈಯುಲಿ. ನಂತರ ಸೈಮನ್ ಗ್ರೇಸನ್. 2023ರ ಡಿಸೆಂಬರಿನಲ್ಲಿ ಅವರನ್ನೂ ಕಳಿಸಿ ಜೆರಾರ್ಡ್ ಜರಗೋಜಾ. ಮೂರು ವರ್ಷದೊಳಗೆ ಆ ಕುರ್ಚಿಯಲ್ಲಿ ಐದು ಜನ ಕೂತರು. ಒಬ್ಬರಿಗೆ ಚೆಂಡು ತಮ್ಮ ಬಳಿಯೇ ಇರಬೇಕು, ಇನ್ನೊಬ್ಬರಿಗೆ ಚೆಂಡು ಬೇಗ ಮುಂದೆ ಹೋಗಬೇಕು. ಒಬ್ಬರು ಬೇಕೆಂದು ತಂದ ಆಟಗಾರ ಮುಂದಿನವರಿಗೆ ಬೇಡ.

ಆಟಗಾರರ ವಿಷಯದಲ್ಲೂ ಇದೇ ಕತೆ. 2022ರಲ್ಲಿ ರಾಯ್ ಕೃಷ್ಣ, ಪ್ರಬೀರ್ ದಾಸ್, ಹಾವಿ ಹೆರ್ನಾಂಡೆಸ್, ಸಂದೇಶ್ ಜಿಂಗನ್ ಎಲ್ಲರನ್ನೂ ತಂದರು. ಡ್ಯೂರಾಂಡ್ ಕಪ್ ಗೆದ್ದರು. ಲೀಗಿನಲ್ಲಿ ಸತತ ಎಂಟು ಪಂದ್ಯ ಗೆದ್ದು ಫೈನಲ್‌ಗೆ ಹೋದರು. 2023ರ ಮಾರ್ಚಿನಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತರು. ಮರುತಿಂಗಳು ಸೂಪರ್ ಕಪ್ ಫೈನಲ್‌ನಲ್ಲಿ ಒಡಿಶಾ ಎದುರೂ ಸೋತರು. ಎರಡು ಫೈನಲ್ ಸೋತ ತಂಡಕ್ಕೆ ಬೇಕಾಗಿದ್ದು ಸಣ್ಣ ರಿಪೇರಿ. ಆದದ್ದೇನು? ಕೃಷ್ಣ ಒಡಿಶಾಗೆ, ಜಿಂಗನ್ ಗೋವಾಕ್ಕೆ, ಪ್ರಬೀರ್ ಕೇರಳಕ್ಕೆ. ವರ್ಷಗಟ್ಟಲೆ ನಮ್ಮ ಬಲಬದಿಯಲ್ಲಿ ಓಡಿದ ಉದಾಂತ ಸಿಂಗ್ ಕೂಡ ಗೋವಾಕ್ಕೆ. ಮುಂದಿನ ಸೀಸನ್‌ನಲ್ಲಿ 12 ತಂಡಗಳ ಪೈಕಿ ನಾವು 10ನೆಯವರು.

ಕಂಬ ಒಂದೇ

‘ಆದರೆ ಅದರ ಮುಂದಿನ ವರ್ಷವೇ ಫೈನಲ್‌ಗೆ ಬಂದರಲ್ಲ, ಮರುಕಟ್ಟುವಿಕೆ ಫಲ ಕೊಟ್ಟಿತಲ್ಲ?’ ಎಂದು ಗೆಳೆಯರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಉತ್ತರ ಎರಡು ಭಾಗದ್ದು.

ಒಂದು, ಆ ವರ್ಷ ಕ್ಲಬ್ ಮಾಡಿದ ಒಳ್ಳೆಯ ಕೆಲಸವೆಂದರೆ ಏನೂ ಕೆಡವದೇ ಇದ್ದದ್ದು. 10ನೇ ಸ್ಥಾನ ಬಂದರೂ ಜರಗೋಜಾ ಅವರನ್ನು ಉಳಿಸಿಕೊಂಡರು. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ‘ಕೋಚ್ ಬದಲಿಸಿ’ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವರಲ್ಲಿ ನಾನೂ ಒಬ್ಬ. ನನ್ನ ಮಾತು ಕೇಳಿದ್ದರೆ ಮುಂಬೈಯನ್ನು 5-0ಯಿಂದ ಹೊಡೆದ ಆ ಸಂಜೆ ಬಹುಶಃ ಬರುತ್ತಲೇ ಇರಲಿಲ್ಲ. ಅಭಿಮಾನಿಯ ಸಿಟ್ಟೂ ಕೆಲವೊಮ್ಮೆ ಗೋಡೆ ಕೆಡವುವ ಕೆಲಸವನ್ನೇ ಮಾಡುತ್ತದೆ.

ಎರಡು, ಆ ಸೀಸನ್‌ನಲ್ಲಿ ಲೀಗಿನ ಭಾರತೀಯರ ಪೈಕಿ ಅತಿ ಹೆಚ್ಚು, 14 ಗೋಲು ಹೊಡೆದದ್ದು ಯಾರು? ಸುನಿಲ್ ಛೇತ್ರಿ. ವಯಸ್ಸು 40. ಗೋವಾ ಎದುರಿನ ಸೆಮಿಫೈನಲ್‌ನಲ್ಲಿ ಕೊನೇ ಗಳಿಗೆಯಲ್ಲಿ ತಲೆ ಕೊಟ್ಟು ನಮ್ಮನ್ನು ಫೈನಲ್‌ಗೆ ದಾಟಿಸಿದ್ದೂ ಅವರೇ. 2013ರಲ್ಲಿ ಕ್ಲಬ್ ಶುರುವಾದಾಗ ನೆಟ್ಟ ಕಂಬ ಅದು. ಅವರ ಬಗ್ಗೆ ನನಗಿರುವುದು ಭಕ್ತಿಯೇ. ಆದರೆ ಹನ್ನೆರಡು ವರ್ಷದಲ್ಲಿ ಇಷ್ಟು ಸಲ ಮನೆ ‘ಮತ್ತೆ ಕಟ್ಟಿ’ಯೂ ಭಾರವೆಲ್ಲ ಅದೇ ಕಂಬದ ಮೇಲಿದ್ದರೆ, ಕಟ್ಟಿದ್ದೇನು? ಸುಣ್ಣ ಬಳಿದಿದ್ದೇವೆ ಅಷ್ಟೇ.

ಇದು ಒಂದು ಕ್ಲಬ್‌ನ ರೋಗವೂ ಅಲ್ಲ. ದೇಶದ ತಂಡ ನೋಡಿ. 2024ರ ಜೂನ್‌ನಲ್ಲಿ ವಿದಾಯ ಹೇಳಿದ ಛೇತ್ರಿಯನ್ನು ಒಂದು ವರ್ಷ ತುಂಬುವ ಮೊದಲೇ, 2025ರ ಮಾರ್ಚಿನಲ್ಲಿ ವಾಪಸ್ ಕರೆದರು. ಐಎಸ್‌ಎಲ್ ಕ್ಲಬ್‌ಗಳು ಗೋಲು ಹೊಡೆಯುವ ಜಾಗಕ್ಕೆ ಹೆಚ್ಚಾಗಿ ವಿದೇಶಿ ಆಟಗಾರರನ್ನೇ ತರುತ್ತವೆ. 20 ವರ್ಷದ ನಮ್ಮ ಹುಡುಗ ಬೆಂಚಿನಲ್ಲಿ ಕೂತೇ 25 ಆಗುತ್ತಾನೆ. ಗೆಲುವು ಈ ವಾರವೇ ಬೇಕು ಎಂದಾಗ ಕಲಿಯುವ ಹುಡುಗನಿಗೆ ನಿಮಿಷಗಳನ್ನು ಕೊಡುವುದು ಯಾರಿಗೂ ಲಾಭದ ವ್ಯವಹಾರವಲ್ಲ.

ಪಕ್ಕದ ಮನೆಯ ಪಾಠ

ಸೇಡಂ, ಚಿತ್ತಾಪುರದವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾಕಿದಾಗಿನಿಂದ ನಮ್ಮ ದವಾಖಾನೆ, ಬಟ್ಟೆ, ಬಿರಿಯಾನಿ ಎಲ್ಲ ಆ ಕಡೆಯೇ. ಸೇಡಂನ ನನ್ನ ಗೆಳೆಯ ಹೈದರಾಬಾದ್ ಎಫ್‌ಸಿ ಅಭಿಮಾನಿ. 2022ರ ಮಾರ್ಚಿನಲ್ಲಿ ಅವನ ತಂಡ ಐಎಸ್‌ಎಲ್ ಗೆದ್ದಾಗ ನನಗೆ ಮಾತಾಡಲಿಕ್ಕೇ ಬಿಡಲಿಲ್ಲ. ಎರಡೇ ವರ್ಷ. ಸಂಬಳ ಬಾಕಿ, ಹೊಸ ಆಟಗಾರರನ್ನು ತೆಗೆದುಕೊಳ್ಳಲು ನಿಷೇಧ, ಇದ್ದವರೆಲ್ಲ ಚೀಲ ಕಟ್ಟಿದರು. 2023-24ರಲ್ಲಿ 22 ಪಂದ್ಯಗಳಲ್ಲಿ ಗೆದ್ದದ್ದು ಒಂದೇ. 2025ರಲ್ಲಿ ಕ್ಲಬ್ಬೇ ದಿಲ್ಲಿಗೆ ಹೋಗಿ ಹೆಸರು ಬದಲಿಸಿಕೊಂಡಿತು. ಈಗ ಗೆಳೆಯನ ಹತ್ತಿರ ಜೆರ್ಸಿ ಇದೆ, ತಂಡ ಇಲ್ಲ.

ಅದೇ ಊರು ಒಂದು ಕಾಲಕ್ಕೆ ದೇಶಕ್ಕೆ ಫುಟ್‌ಬಾಲ್ ಕಲಿಸಿತ್ತು. ಆಗ ನಮ್ಮ ಈ ತಾಲ್ಲೂಕುಗಳೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. 1950ರಿಂದ 54ರವರೆಗೆ ಹೈದರಾಬಾದ್ ಸಿಟಿ ಪೊಲೀಸ್ ತಂಡ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ಅದರ ಕೋಚ್ ಸೈಯದ್ ಅಬ್ದುಲ್ ರಹೀಮ್ ವೃತ್ತಿಯಿಂದ ಶಾಲಾ ಮಾಸ್ತರ. ಬಳಕೆಯಿಲ್ಲದ ಕಾಲಿನಿಂದಷ್ಟೇ ಆಡಬೇಕಾದ ಪಂದ್ಯಾವಳಿ ಇಟ್ಟು ಹುಡುಗರ ಎರಡೂ ಕಾಲು ಪಳಗಿಸಿದವರು. ಇದೇ ಮಾಸ್ತರರ ಕೈಯಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್‌ಗಳಲ್ಲಿ ಚಿನ್ನ ಗೆದ್ದಿತು. ಕಟ್ಟುವುದು ಎಂದರೆ ಅದು.

ಇಂದಿನ ಉದಾಹರಣೆಯೇ ಬೇಕೆಂದರೆ ಮಿಜೋರಾಂ ನೋಡಿ. 2011ರ ಜನಗಣತಿ ಪ್ರಕಾರ ಇಡೀ ರಾಜ್ಯದ ಜನ ಸುಮಾರು 11 ಲಕ್ಷ. ನಮ್ಮ ಕಲಬುರಗಿ ಜಿಲ್ಲೆಯೊಂದರಲ್ಲೇ 25 ಲಕ್ಷದ ಮೇಲೆ. ಅವರು 2012ರಲ್ಲಿ ತಮ್ಮದೇ ಲೀಗ್ ಶುರು ಮಾಡಿದರು. ಐದು ವರ್ಷದೊಳಗೆ ಐಜ್ವಾಲ್ ಎಫ್‌ಸಿ ಐ-ಲೀಗ್ ಚಾಂಪಿಯನ್. ಅದರ ಹಿಂದಿನ ಸೀಸನ್‌ನಲ್ಲಿ ಅದೇ ತಂಡ ಕೆಳಕ್ಕೆ ಜಾರಿತ್ತು. ದೊಡ್ಡ ಕ್ಲಬ್‌ಗಳಷ್ಟು ದುಡ್ಡಿಲ್ಲದಿದ್ದರೂ ಅದು ಎದ್ದು ನಿಂತಿತು, ಯಾಕಂದರೆ ಅದರ ಕೆಳಗೆ ನೆಲ ಇತ್ತು.

ಚಿಂಚೋಳಿಯ ಹುಡುಗನ ಪ್ರಶ್ನೆ

ಭಾನುವಾರಗಳಂದು ನಾವು ಶಹಾಬಾದಿನಲ್ಲಿ ಹುಡುಗರನ್ನು ಸೇರಿಸಿ ಆಡಿಸುತ್ತೇವೆ. ಚಿಂಚೋಳಿ ಕಡೆಯ ಒಬ್ಬ ಹುಡುಗ ಎರಡು ಬಸ್ ಬದಲಿಸಿ ಬರುತ್ತಾನೆ. ಎಡಗಾಲು ಎಂಥದ್ದೆಂದರೆ, ಚೆಂಡು ಅವನ ಮಾತು ಕೇಳುತ್ತದೆ. ಎರಡು ವರ್ಷದ ಕೆಳಗೆ ನಾವೇ ಚಂದಾ ಎತ್ತಿ ಅವನನ್ನು ದೂರದ ಊರೊಂದರ ಆಯ್ಕೆ ಶಿಬಿರಕ್ಕೆ ಕಳಿಸಿದೆವು. ಒಂದೇ ದಿನಕ್ಕೆ ವಾಪಸ್ ಕಳಿಸಿದರು. ‘ಆಟ ಚೆನ್ನಾಗಿದೆ, ವಯಸ್ಸು ಹದಿನಾರಾಯಿತು, ತಡವಾಯಿತು’ ಎಂದರಂತೆ. ಬಂದು ನನ್ನ ಕೇಳಿದ: “ಅಣ್ಣಾ, ಹದಿನಾರಕ್ಕ ತಡ ಆಯ್ತಂತ. ಅದಕಿಂತ ಮೊದ್ಲ ನಮ್ಮೂರಿಗಿ ಯಾರ್ ಬಂದಿದ್ರು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅವನು ಐಟಿಐ ಓದುತ್ತಾನೆ, ಭಾನುವಾರ ಮಾತ್ರ ಆಡುತ್ತಾನೆ.

ಕರ್ನಾಟಕದ ದೊಡ್ಡ ಲೀಗ್ ಎಂದರೆ ಬೆಂಗಳೂರಿನ ಲೀಗ್. 2023ರ ಮಾರ್ಚಿನಲ್ಲಿ ರಾಜ್ಯ ತಂಡ 54 ವರ್ಷದ ಬಳಿಕ ಸಂತೋಷ್ ಟ್ರೋಫಿ ಗೆದ್ದಾಗ ನಾವೂ ಕುಣಿದೆವು. ಆದರೆ ಚಿತ್ತಾಪುರದ ಹೈಸ್ಕೂಲ್ ಮೈದಾನದಿಂದ ಆ ತಂಡಕ್ಕೆ ಹೋಗುವ ದಾರಿ ಯಾವುದು ಎಂದು ಕೇಳಿದರೆ ನನಗೆ ತೋರಿಸಲಾಗುವುದಿಲ್ಲ. ವಿಚಿತ್ರ ಏನೆಂದರೆ, ಬಿಎಫ್‌ಸಿ ವಸತಿ ಅಕಾಡೆಮಿ ಶುರು ಮಾಡಿದ್ದು ಬೆಂಗಳೂರಿನಲ್ಲಲ್ಲ, ಬಳ್ಳಾರಿ ಜಿಲ್ಲೆಯ ವಿಜಯನಗರ ಟೌನ್‌ಶಿಪ್‌ನಲ್ಲಿ, ಅಂದರೆ ಕಲ್ಯಾಣ ಕರ್ನಾಟಕದಲ್ಲೇ. ನೆಲ ನಮ್ಮದೇ. ಬಾಗಿಲು ನಮ್ಮ ಕಡೆಗೂ ತೆರೆಯಬೇಕಷ್ಟೇ.

ಚಹಾದಂಗಡಿ ಕಾಕಾನ ಮಾತು ಇಲ್ಲಿಗೇ ಬಂದು ನಿಲ್ಲುತ್ತದೆ. 2002ರ ನಂಜುಂಡಪ್ಪ ವರದಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಸೇಡಂ, ಚಿಂಚೋಳಿ, ಚಿತ್ತಾಪುರ ಮೂರೂ ಅದರಲ್ಲಿವೆ. ವಾಡಿ, ಶಹಾಬಾದ್ ಆಗ ಚಿತ್ತಾಪುರದೊಳಗೇ ಇದ್ದವು. ಆಮೇಲೆ 371(ಜೆ) ಬಂತು, ಮಂಡಳಿ ಬಂತು, 2019ರಲ್ಲಿ ಪ್ರದೇಶಕ್ಕೆ ಹೊಸ ಹೆಸರೂ ಬಂತು. ಮೀಸಲಾತಿಯಿಂದ ನಮ್ಮ ಎಷ್ಟೋ ಹುಡುಗರಿಗೆ ಸೀಟು, ನೌಕರಿ ಸಿಕ್ಕಿದ್ದು ನಿಜ. ಆದರೂ ‘ಅಭಿವೃದ್ಧಿ ನಡೆಯುತ್ತಿದೆ, ತಾಳ್ಮೆ ಇರಲಿ’ ಎಂಬ ಮಾತು ನಮಗೆ ಹೊಸದಲ್ಲ. ಅದಕ್ಕೇ ಬಿಎಫ್‌ಸಿಯ ಪ್ರಕಟಣೆ ಓದಿದಾಗ ನಮ್ಮ ಕಡೆಯವರಿಗೆ ಇದನ್ನು ಎಲ್ಲೋ ಕೇಳಿದ್ದೇವಲ್ಲ ಅನ್ನಿಸುತ್ತದೆ. ಗಡುವು, ಅಳತೆ, ಹೊಣೆಗಾರ ಇಲ್ಲದ ಯಾವ ಯೋಜನೆಯೂ ಯೋಜನೆಯಲ್ಲ. ಅದು ಮುಂದೂಡಿಕೆ.

ಹಾಗಾದರೆ ಏನು ಕೇಳಬೇಕು?

ಫೈನಲ್ ಸೋತ ಮೂರೇ ತಿಂಗಳಲ್ಲಿ, 2025ರ ಜುಲೈನಲ್ಲಿ, ಲೀಗ್ ನಡೆಸುವ ಕಂಪನಿಗೂ ಫುಟ್‌ಬಾಲ್ ಫೆಡರೇಷನ್‌ಗೂ ಇದ್ದ ಒಪ್ಪಂದದ ಭವಿಷ್ಯ ಗೊತ್ತಿಲ್ಲವೆಂದು ಐಎಸ್‌ಎಲ್ ಅನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ಬಿಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. ಕೊನೆಗೆ 2026ರ ಫೆಬ್ರವರಿಯಲ್ಲಿ ಲೀಗ್ ಮೊಟಕಾಗಿ ಶುರುವಾಯಿತು. ಮೇಲಿನ ಮಹಡಿ ಇಷ್ಟು ಅಲುಗಾಡುವಾಗ ಕ್ಲಬ್ ಒಂದೇ ಎಲ್ಲ ಸರಿ ಮಾಡಲಿ ಎಂದು ಕೇಳುವುದು ಅನ್ಯಾಯ, ಒಪ್ಪುತ್ತೇನೆ. ಆದರೆ ಮೇಲಿನದು ಅಲುಗಾಡುವಾಗಲೇ ಬುನಾದಿ ನೆನಪಾಗಬೇಕು.

ಆದ್ದರಿಂದ ಮುಂದಿನ ಸಲ ಕ್ಲಬ್ ‘ಮತ್ತೆ ಕಟ್ಟುತ್ತಿದ್ದೇವೆ’ ಎಂದಾಗ ಅಭಿಮಾನಿಗಳಾದ ನಾವು ಯಾವ ವಿದೇಶಿ ಸ್ಟ್ರೈಕರ್ ಬರುತ್ತಾನೆ ಎಂದು ಕೇಳುವುದನ್ನು ಬಿಟ್ಟು ಮೂರು ಪ್ರಶ್ನೆ ಕೇಳೋಣ. ಕೋಚ್‌ಗೆ ಎಷ್ಟು ವರ್ಷ ಕೊಡುತ್ತೀರಿ? ಅಕಾಡೆಮಿಯ ಹುಡುಗರಿಗೆ ಈ ಸೀಸನ್‌ನಲ್ಲಿ ಎಷ್ಟು ನಿಮಿಷ ಕೊಡುತ್ತೀರಿ? ಹನ್ನೆರಡು ವರ್ಷದ ಮಕ್ಕಳನ್ನು ನೋಡಲು ನಿಮ್ಮ ಜನ ಯಾವ ಯಾವ ಜಿಲ್ಲೆಗೆ, ಯಾವ ತಿಂಗಳು ಹೋಗುತ್ತಾರೆ? ಮೂರನೆಯ ಪ್ರಶ್ನೆಯನ್ನು ಕ್ಲಬ್‌ಗೆ ಮಾತ್ರವಲ್ಲ, ರಾಜ್ಯ ಫುಟ್‌ಬಾಲ್ ಸಂಸ್ಥೆಗೆ, ಕ್ರೀಡಾ ಇಲಾಖೆಗೆ, ಕಲ್ಯಾಣ ಕರ್ನಾಟಕ ಮಂಡಳಿಗೂ ಕೇಳಬೇಕು.

ನಾನು ಮುಂದಿನ ಸೋಲನ್ನೂ ಅದೇ ಚಹಾದಂಗಡಿಯಲ್ಲಿ ಕೂತು ನೋಡುತ್ತೇನೆ, ಅದು ಬಿಡುವ ಚಟವಲ್ಲ. ಆದರೆ ಈ ಭಾನುವಾರ ನಮ್ಮ ಬಯಲಿಗೆ ಹನ್ನೊಂದು ವರ್ಷದ ಇಬ್ಬರು ಹೊಸ ಹುಡುಗರು ಬಂದಿದ್ದರು. ಹದಿನಾರಾಗಲು ಅವರಿಗಿನ್ನೂ ಐದು ವರ್ಷ ಇದೆ.