ಅಡ್ವಾನ್ಸ್ ಕೊಡುವ ಮುಂಚೆ ಗೋಡೆ ಮುಟ್ಟಿ ನೋಡಿ

ಮಣಿಪಾಲದಲ್ಲಿ ಫ್ಲಾಟ್ ನೋಡಲು ಹೋದರೆ ನಮ್ಮ ಕಣ್ಣು ಮೊದಲು ಹೋಗುವುದು ಅಡುಗೆಮನೆಯ ಟೈಲ್ಸಿಗೆ, ಅಲ್ಲವೇ? ಅದೂ ಏಪ್ರಿಲ್ ಬಿಸಿಲಿನಲ್ಲಿ! ಸೋರುವ ಮನೆಯೂ ಆಗ ಒಣಗಿಯೇ ಇರುತ್ತದೆ. ಗೋಡೆಯ ನಿಜ ಬಣ್ಣ ತಿಳಿಯುವುದು ಆಟಿಯ ಮಳೆಯಲ್ಲಿ. ಕಾಪುವಿನ ಕಡಲ ಬದಿಯ ಮನೆಯಾದರೆ ಉಲ್ಟಾ. ಬೇಸಗೆಯಲ್ಲಿ ಉಪ್ಪಾಗುವ ಬಾವಿಗಳುಂಟು, ಮಳೆಗಾಲದಲ್ಲಿ ಕುಡಿದು ನೋಡಿದರೆ ಗೊತ್ತೇ ಆಗುವುದಿಲ್ಲ.

ಕಾನೂನು ಇದೆಯಲ್ಲ ಅನ್ನುತ್ತೀರಿ. ಇದೆ, ಅರ್ಧ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ನಾವು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ, ಆದರೆ ಮಾರುವವರಿಗೆ ಗೊತ್ತಿರುವ ದೊಡ್ಡ ದೋಷವನ್ನು ಅವರು ಹೇಳಲೇಬೇಕು. ಕಣ್ಣಿಗೆ ಕಾಣುವ ಬಿರುಕು? ಅದನ್ನು ನೋಡಿಕೊಳ್ಳುವುದು ನಮ್ಮ ತಲೆಗೇ. ಹೊಸ ಫ್ಲಾಟಿಗೆ 2016ರ ರೇರಾ ಕಾಯ್ದೆಯ ಆಸರೆ ಉಂಟು. ಸ್ವಾಧೀನ ಸಿಕ್ಕ 5 ವರ್ಷದೊಳಗೆ ಕಟ್ಟಡದ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ಕಾರ್ಕಳದಲ್ಲಿ ಯಾರದೋ ಹಳೇ ಮನೆ ಕೊಳ್ಳುವವರಿಗೆ ಈ ಆಸರೆ ಇಲ್ಲ.

ಹಾಗಾಗಿ ಕರಾರು ಪತ್ರದಲ್ಲೇ ಬರೆಸಿಕೊಳ್ಳಿ: ಎಂಜಿನಿಯರ್ ಕರೆತಂದು ತೋರಿಸಲು, ಬಾವಿ ನೀರು ಲ್ಯಾಬಿಗೆ ಕಳಿಸಲು ಇಷ್ಟು ದಿನ, ದೊಡ್ಡ ದೋಷ ಕಂಡರೆ ಅಡ್ವಾನ್ಸ್ ವಾಪಸು. ಬರೆಸದಿದ್ದರೆ ಆಮೇಲೆ ಜಗಳವೇ ಗತಿ. "ನಂಬಿಕೆ ಇಲ್ವಾ ಅಕ್ಕ?" ಎಂದು ಬ್ರೋಕರ್ ನಗಬಹುದು. ನಗಲಿ ಬಿಡಿ, ಅಡವಿಟ್ಟದ್ದು ನಿಮ್ಮ ಬಳೆ. ರೇರಾ ಯೋಜನೆಯಾದರೆ ಇನ್ನೊಂದು ನೆನಪಿಡಿ. ಕರಾರು ನೋಂದಣಿಯಾಗುವ ಮುಂಚೆ ಶೇ. 10ಕ್ಕಿಂತ ಹೆಚ್ಚು ಹಣವನ್ನು ಬಿಲ್ಡರ್ ತೆಗೆದುಕೊಳ್ಳುವಂತೆಯೇ ಇಲ್ಲ.