ತಂದೆತಾಯಂದಿರಿಗೂ ಒಂದು ತರಗತಿ ಬೇಕು



ಕಳೆದ ವಾರ ಸಂತೆಕಟ್ಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದಾಗ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ಈಗ ಆತ ಹತ್ತು ವರ್ಷದ ಹುಡುಗನ ತಂದೆ. ಕುಶಲ ಪ್ರಶ್ನೆಗಳೆಲ್ಲ ಮುಗಿದ ಮೇಲೆ, "ಮಗ ಹೇಳಿದ ಮಾತು ಕೇಳುವುದಿಲ್ಲ ಸರ್, ದಿನಕ್ಕೆರಡು ಪೆಟ್ಟು ಬೀಳದೆ ದಾರಿಗೆ ಬರುವುದಿಲ್ಲ. ನಾವೆಲ್ಲ ಮನುಷ್ಯರಾದದ್ದು ನಿಮ್ಮ ಬೆತ್ತದಿಂದಲೇ ಅಲ್ಲವೇ?" ಎಂದು ನಕ್ಕ. ಆತ ಅದನ್ನು ಹೊಗಳಿಕೆಯೆಂದೇ ಹೇಳಿದ್ದ. ನಾನೂ ಏನೋ ಹೇಳಿ ನಕ್ಕು ಬಂದುಬಿಟ್ಟೆ. ಆದರೆ ರಾತ್ರಿ ಮಲಗುವವರೆಗೂ ಆ ಮಾತು ನನ್ನನ್ನು ಬಿಡಲಿಲ್ಲ. ಅಲ್ಲಿ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

34 ವರ್ಷ ಪಾಠ ಹೇಳಿದವನು ನಾನು. ಮೊದಲ ಹತ್ತು ಹನ್ನೆರಡು ವರ್ಷ ನನ್ನ ಮೇಜಿನ ಮೇಲೆ ನಾಗರಬೆತ್ತವು ಸೀಮೆಸುಣ್ಣದಷ್ಟೇ ಸಹಜವಾಗಿ ಇರುತ್ತಿತ್ತು. ಅದನ್ನು ಕೆಳಗಿಟ್ಟ ಕಾರಣವನ್ನು ಈವರೆಗೆ ಯಾರಲ್ಲೂ ಹೇಳಿಕೊಂಡಿಲ್ಲ.

1980ರ ದಶಕದ ಆರಂಭದ ಮಾತು. ಆರನೆಯ ತರಗತಿಯ ಹುಡುಗನೊಬ್ಬ ಪದೇ ಪದೇ ಶಾಲೆ ತಪ್ಪಿಸುತ್ತಿದ್ದ. ಅವನ ತಂದೆಗೆ ಒಂದು ಚೀಟಿ ಬರೆದು ಕಳುಹಿಸಿದೆ. ಮರುದಿನ ಹುಡುಗ ತಪ್ಪದೆ ಬಂದ; ಆದರೆ ಬೆಂಚಿನ ಮೇಲೆ ಕುಳಿತುಕೊಳ್ಳಲಾಗದೆ ನಿಂತೇ ಇದ್ದ. ಅವನ ಕಾಲುಗಳ ಹಿಂಬದಿಯಲ್ಲಿ ಹುಣಸೆ ಬರಲಿನ ಬಾಸುಂಡೆಗಳು ಎದ್ದಿದ್ದವು. ಅಂದು ಸಂಜೆಯೇ ಸುವರ್ಣಾ ನದಿಯ ದಂಡೆಯಲ್ಲಿದ್ದ ಅವನ ಮನೆಗೆ ಹೋದೆ. ತಂದೆ ಕೂಲಿ ಕೆಲಸದವರು. ಕುಡಿತದ ಚಟವಿರಲಿಲ್ಲ, ಕ್ರೂರ ಸ್ವಭಾವದವರೂ ಅಲ್ಲ. ನಾನು ಸಾಕಷ್ಟು ಗದರಿಸಿದೆ. ತಲೆತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ ಅವರು ಕೊನೆಗೆ ಮೆಲ್ಲನೆ ಹೇಳಿದರು: "ನೀವೂ ಹೊಡೆಯುತ್ತೀರಲ್ಲ ಮಾಷ್ಟ್ರೇ. ಹೊಡೆಯದಿದ್ದರೆ ಬೇರೆ ಏನು ಮಾಡಬೇಕು? ಹೇಳಿಕೊಡಿ, ಹಾಗೆಯೇ ಮಾಡುತ್ತೇನೆ."

ನನ್ನಲ್ಲಿ ಉತ್ತರವಿರಲಿಲ್ಲ. ಶಿಕ್ಷಕ ತರಬೇತಿ ಮುಗಿಸಿ, ಪ್ರಮಾಣಪತ್ರ ಹಿಡಿದು ಬಂದ ನನಗೇ ತಿಳಿಯದ ಉತ್ತರವನ್ನು, ಒಂದು ದಿನದ ತರಬೇತಿಯೂ ಇಲ್ಲದ ಆ ತಂದೆಯಿಂದ ನಿರೀಕ್ಷಿಸಿದ್ದೆ. ಆ ಬೇಸಿಗೆ ರಜೆಯ ಬಳಿಕ ಹುಡುಗ ಶಾಲೆಗೆ ಮರಳಲಿಲ್ಲ. ಬೊಂಬಾಯಿಯ ಯಾವುದೋ ಹೋಟೆಲಿಗೆ ಸೇರಿದನೆಂದು ಕೇಳಿದೆ. ಬೆತ್ತ ಅಂದಿನಿಂದ ಬೀರುವಿನೊಳಗೆ ಹೋಯಿತು. ಆದರೆ ಆ ತಂದೆಯ ಪ್ರಶ್ನೆಗೆ ನಾನು ಇನ್ನೂ ಋಣಿ.

ಮಕ್ಕಳ ಮೇಲಿನ ದೌರ್ಜನ್ಯವೆಂದರೆ ಎಲ್ಲಿಯೋ ದುಷ್ಟರು ನಡೆಸುವ ಕೃತ್ಯವೆಂದು ನಾವು ಭಾವಿಸುತ್ತೇವೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಚಿತ್ರವನ್ನು ನೀಡಿತು. 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿದಾಗ, ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾಗಿದ್ದರು. ಕುಟುಂಬದೊಳಗೆ ಪೆಟ್ಟು ತಿಂದವರ ಪೈಕಿ ಶೇಕಡ 88.6ರಷ್ಟು ಮಕ್ಕಳಿಗೆ ಹೊಡೆದವರು ತಂದೆತಾಯಿಗಳೇ. ಇಷ್ಟೊಂದು ಮನೆಗಳಲ್ಲಿ ದುಷ್ಟರೇ ತುಂಬಿರಲು ಸಾಧ್ಯವೇ? ಬಹುಪಾಲು ಮನೆಗಳಲ್ಲಿ ಆ ಹೊಳೆಬದಿಯ ತಂದೆಯಂಥವರೇ ಇದ್ದಾರೆ. ಬೇರೆ ದಾರಿ ತಿಳಿಯದವರು.

ಕಾನೂನು ತನ್ನ ಕೆಲಸವನ್ನು ಒಂದಿಷ್ಟು ಮಾಡಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಆದರೆ ಆ ಕಲಮು ಮನೆಯ ಹೊಸ್ತಿಲು ದಾಟುವುದಿಲ್ಲ. 2015ರ ಬಾಲನ್ಯಾಯ ಕಾಯಿದೆಯ 75ನೆಯ ಕಲಮಿನಂತೆ, ಮಗುವಿನ ಹೊಣೆ ಹೊತ್ತವರು ಕ್ರೌರ್ಯ ಎಸಗಿದರೆ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಅದು ಇರಲೇಬೇಕು. ಆದರೆ ಕಾನೂನು ಬರುವುದು ಬಾಸುಂಡೆ ಎದ್ದ ಮೇಲೆ. ಎದ್ದ ಕೈಯನ್ನು ಅದಕ್ಕೆ ಮೊದಲೇ ತಡೆಯಬಲ್ಲದ್ದು ಕಲಿಕೆ ಮಾತ್ರ.

ಪಾಲಕರ ತರಬೇತಿಯೆಂದರೆ ಉಪದೇಶದ ಭಾಷಣವಲ್ಲ. ಅದನ್ನು ರೂಪಿಸಿದವರ ಕ್ರಮ ಬಹಳ ಸರಳ. ಹತ್ತು ಹದಿನೈದು ಮಂದಿ ತಂದೆತಾಯಿಗಳು ವಾರಕ್ಕೊಮ್ಮೆಯಂತೆ ಕೆಲವು ವಾರ ಕೂಡುತ್ತಾರೆ. ದಿನವೂ ಸ್ವಲ್ಪ ಹೊತ್ತು ಮಗು ಆರಿಸಿದ ಆಟವನ್ನು ಮಗುವಿನೊಡನೆ ಆಡುವುದು. "ಜಾಣ" ಎಂದು ಸುಮ್ಮನೆ ಹೇಳದೆ ಮಾಡಿದ ಒಳ್ಳೆಯ ಕೆಲಸವನ್ನು ಹೆಸರಿಸಿ ಮೆಚ್ಚುವುದು. "ಓಡಬೇಡ" ಎನ್ನುವ ಬದಲು "ನಿಧಾನವಾಗಿ ನಡೆ" ಎನ್ನುವುದು. ಸಣ್ಣ ತಂಟೆಯನ್ನು ಕಂಡೂ ಕಾಣದಂತಿರುವುದು. ಸಿಟ್ಟು ಏರಿದಾಗ ಮಗುವಿನಿಂದಲ್ಲ, ತನ್ನಿಂದಲೇ ಮೊದಲು ಒಂದು ಕ್ಷಣ ದೂರ ಸರಿಯುವುದು. ಇವನ್ನು ಕೇವಲ ಕೇಳಿ ಹೋಗುವುದಿಲ್ಲ, ಅಭಿನಯಿಸಿ ಅಭ್ಯಾಸ ಮಾಡುತ್ತಾರೆ. ಮುಂದಿನ ವಾರ ಬಂದು ಮನೆಯಲ್ಲಿ ಏನಾಯಿತೆಂದು ಒಪ್ಪಿಸುತ್ತಾರೆ. ತಾಳ ತಿಳಿಯದವನ ಕಾಲಿಗೆ ನಮ್ಮ ಯಕ್ಷಗಾನದ ಗುರುಗಳು ಗೆಜ್ಜೆ ಕಟ್ಟಿಸುವುದಿಲ್ಲ. ಮಗುವನ್ನು ಬೆಳೆಸುವ ಕೆಲಸಕ್ಕೆ ಮಾತ್ರ ಅಭ್ಯಾಸ ಬೇಡವೆಂದು ನಾವೇಕೆ ತಿಳಿದೆವೋ!

ಇದರಿಂದ ಫಲವಿದೆಯೇ? ದಕ್ಷಿಣ ಆಫ್ರಿಕಾದ ಬಡ ಪ್ರದೇಶವೊಂದರ 40 ಊರುಗಳಲ್ಲಿ 552 ಕುಟುಂಬಗಳೊಡನೆ ನಡೆಸಿದ ಪರೀಕ್ಷೆಯ ವರದಿ 2018ರಲ್ಲಿ ಪ್ರಕಟವಾಯಿತು. 14 ತರಗತಿಗಳನ್ನು ನಡೆಸಿದವರು ವೈದ್ಯರಲ್ಲ, ಅಲ್ಲಿಯ ಸಾಮಾನ್ಯ ಜನರೇ. ತಿಂಗಳುಗಳ ಬಳಿಕ ಕೇಳಿದಾಗ, ಪಾಲಕರ ಹೇಳಿಕೆಯಂತೆ ಹಿಂಸೆ ಬಹಳಷ್ಟು ಇಳಿದಿತ್ತು. ಮಕ್ಕಳ ಹೇಳಿಕೆಯಲ್ಲಿ ಇಳಿಕೆ ಅಷ್ಟು ಸ್ಪಷ್ಟವಿರಲಿಲ್ಲ. ಉತ್ತರಪತ್ರಿಕೆ ತಿದ್ದಿದವನಾದ್ದರಿಂದ ಈ ವ್ಯತ್ಯಾಸವನ್ನು ಮುಚ್ಚಿಡಲಾರೆ. ಆದರೂ ಅನೇಕ ದೇಶಗಳ ಇಂಥ ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿ, ಬಡ ದೇಶಗಳ ಪಾಲಕರಿಗೂ ಈ ತರಬೇತಿ ಸುಲಭವಾಗಿ ದೊರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಶಿಫಾರಸು ಮಾಡಿತು.

"ನಮ್ಮ ಹಿರಿಯರಿಗೆ ಯಾರು ತರಬೇತಿ ಕೊಟ್ಟಿದ್ದರು?" ಎಂದು ನೀವು ಕೇಳಬಹುದು. ಕೂಡುಕುಟುಂಬದಲ್ಲಿ ಒಂದು ಬಗೆಯ ತರಬೇತಿ ಇತ್ತು. ತಾನು ತಾಯಿಯಾಗುವ ಮೊದಲೇ ಹುಡುಗಿ ಹತ್ತು ಶಿಶುಗಳನ್ನು ಎತ್ತಿ ಆಡಿಸಿರುತ್ತಿದ್ದಳು. ಅಪ್ಪನ ಕೈ ಎದ್ದರೆ ಮಗು ಓಡಿಹೋಗಲು ಅಜ್ಜಿಯ ಸೆರಗು ಇತ್ತು. ಆ ಮನೆಗಳಲ್ಲಿಯೂ ಪೆಟ್ಟು ಬೀಳುತ್ತಿತ್ತು, ಅದನ್ನು ಹೊಗಳುವ ಉದ್ದೇಶ ನನ್ನದಲ್ಲ. ಆದರೆ ಇಂದು ಮಣಿಪಾಲದ ವಸತಿ ಸಮುಚ್ಚಯದ ನಾಲ್ಕನೆಯ ಮಹಡಿಯಲ್ಲಿ, ಪತಿ ದುಬೈಯಲ್ಲಿರುವಾಗ, ಇಬ್ಬರು ಮಕ್ಕಳೊಡನೆ ಒಬ್ಬಳೇ ಇರುವ ತಾಯಿಗೆ ಆ ಸೆರಗೂ ಇಲ್ಲ.

"ಪೆಟ್ಟು ತಿಂದ ನಾವು ಚೆನ್ನಾಗಿಯೇ ಇದ್ದೇವಲ್ಲ" ಎನ್ನುವವರೂ ಇದ್ದಾರೆ. ಹಾಗೆ ಹೇಳುವವರು ನನ್ನ ಮುಂದೆ ನಿಲ್ಲಲು ಉಳಿದವರು. ಬೊಂಬಾಯಿಗೆ ಹೋದ ಆ ಹುಡುಗ ಸಂತೆಕಟ್ಟೆಯಲ್ಲಿ ನನ್ನನ್ನು ಮಾತನಾಡಿಸಲು ಬರಲಿಲ್ಲ.

ಹೊಸ ಇಲಾಖೆಯೇನೂ ಬೇಕಿಲ್ಲ. 1975ರ ಅಕ್ಟೋಬರ್ 2ರಂದು ನಮ್ಮ ರಾಜ್ಯದ ಟಿ. ನರಸೀಪುರವೂ ಸೇರಿ ದೇಶದ 33 ಕಡೆ ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಇಂದು ಊರೂರಿನಲ್ಲಿವೆ. ತಾಯಂದಿರಿಗೆ ಆರೋಗ್ಯ ಶಿಕ್ಷಣ ನೀಡುವುದು ಅವುಗಳ ಕರ್ತವ್ಯಗಳಲ್ಲೊಂದು. ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಮೊದಲ 42 ದಿನಗಳಲ್ಲಿಯೇ ಹಲವು ಬಾರಿ ಹೋಗುತ್ತಾರೆ. ಶಾಲೆಗಳಲ್ಲಿ "ಸಮುದಾಯದತ್ತ ಶಾಲೆ" ಸಭೆಗಳಿವೆ, ಸ್ವಸಹಾಯ ಸಂಘಗಳ ವಾರದ ಸಭೆಗಳಿವೆ. ನಮ್ಮ ಕ್ರೈಸ್ತ ಬಂಧುಗಳಲ್ಲಿ ವಿವಾಹಪೂರ್ವ ಸಿದ್ಧತಾ ಶಿಬಿರಗಳ ಪದ್ಧತಿ ಇದೆ. ಮಗುವಿನ ತೂಕ, ಅಂಕ, ಸಾಲದ ಕಂತುಗಳ ಮಾತು ಮುಗಿದ ಮೇಲೆ ಅರ್ಧ ಗಂಟೆ ಈ ಕಲಿಕೆಗೆ ಕೊಟ್ಟರೆ ಸಾಕು. ಒಂದೇ ಷರತ್ತು: ತಾಯಂದಿರಷ್ಟೇ ಅಲ್ಲ, ತಂದೆಯಂದಿರೂ ಬಂದು ಕುಳಿತುಕೊಳ್ಳಬೇಕು.

ತರಬೇತಿ ಎಲ್ಲಕ್ಕೂ ಮದ್ದಲ್ಲ. ಬಡತನವನ್ನಾಗಲಿ ಕುಡಿತವನ್ನಾಗಲಿ ಅದು ಅಳಿಸದು. ಲೈಂಗಿಕ ದೌರ್ಜನ್ಯಕ್ಕೂ ಘೋರ ಹಿಂಸೆಗೂ ತರಗತಿಯಲ್ಲ, ಕಾನೂನೇ ಉತ್ತರ. ಅಂಥದ್ದು ಕಿವಿಗೆ ಬಿದ್ದರೆ 1098ಕ್ಕೆ ಕರೆ ಮಾಡಲು ಹಿಂಜರಿಯಬೇಡಿ.

ಸಂತೆಕಟ್ಟೆಯಲ್ಲಿ ಸಿಕ್ಕಿದ ನನ್ನ ಶಿಷ್ಯನೇ, ನೀನು ಇದನ್ನು ಓದುತ್ತಿರುವೆಯೆಂದು ನಂಬಿದ್ದೇನೆ. ನೀನು ಮನುಷ್ಯನಾದದ್ದು ನನ್ನ ಬೆತ್ತದಿಂದಲ್ಲ. ಅದರ ಹೊರತಾಗಿಯೂ ಆದೆ. ಆ ಪೆಟ್ಟುಗಳಿಗಾಗಿ ನಿನ್ನಲ್ಲಿಯೂ, ನನ್ನಿಂದ ಪೆಟ್ಟು ತಿಂದ ಎಲ್ಲರಲ್ಲಿಯೂ ಕ್ಷಮೆ ಕೇಳುತ್ತೇನೆ. ಇಂದು ಸಂಜೆ ಮಗನೊಡನೆ ಹದಿನೈದು ನಿಮಿಷ ಅವನು ಹೇಳಿದ ಆಟವನ್ನು ಆಡು. ಒಂದು ತಿಂಗಳಾದ ಮೇಲೆ ಇಬ್ಬರೂ ಮನೆಗೆ ಬನ್ನಿ. ಏನಾಯಿತೆಂದು ಮೊದಲು ಅವನನ್ನೇ ಕೇಳುತ್ತೇನೆ.