ಕ್ಲಾಸ್ ಲೀಡರ್ ಇರೋದು ಹೆಸರು ಬರೆಯುವುದಕ್ಕೆ ಮಾತ್ರವಾ?

ಜೂನ್ ತಿಂಗಳು ಶಾಲೆ ಶುರುವಾದ ಕೂಡಲೇ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಚುನಾವಣೆಯ ಗಡಿಬಿಡಿ. ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಕೆಲವು ಕಡೆ ಮೊಬೈಲನ್ನೇ ಮತಯಂತ್ರ ಮಾಡಿ ಮತದಾನ. ಆಮೇಲೆ ಪ್ರಮಾಣವಚನ. ಮುಖ್ಯಮಂತ್ರಿ, ಆರೋಗ್ಯ ಮಂತ್ರಿ, ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ, ಕ್ರೀಡಾ ಮಂತ್ರಿ ಎಲ್ಲರೂ ಬ್ಯಾಡ್ಜ್ ಹಾಕಿ ನಿಲ್ಲುತ್ತಾರೆ. ಫೋಟೋ ಪತ್ರಿಕೆಗೂ ಬರುತ್ತದೆ, ಮನೆಯ ವಾಟ್ಸಾಪ್ ಗುಂಪಿಗೂ ಬರುತ್ತದೆ. ಉಮ್ಮನಿಗೆ ಖುಷಿ, ಉಪ್ಪನಿಗೆ ಹೆಮ್ಮೆ. ಇಷ್ಟರ ಮಟ್ಟಿಗೆ ಎಲ್ಲವೂ ಚೆಂದ.

ಪ್ರಶ್ನೆ ಇರುವುದು ಜುಲೈಯಿಂದ ಮಾರ್ಚ್‌ವರೆಗೆ ಈ ಮಂತ್ರಿಗಳು ಏನು ಮಾಡುತ್ತಾರೆ ಎಂಬುದರಲ್ಲಿ. ಹೆಚ್ಚಿನ ಶಾಲೆಗಳಲ್ಲಿ ಗಿಡಕ್ಕೆ ನೀರು ಹಾಕುವುದು, ಸಾಲು ನಿಲ್ಲಿಸುವುದು, ಚಾಕ್ ತರುವುದು. ಟೀಚರ್ ಆಫೀಸಿಗೆ ಹೋದರೆ ಕ್ಲಾಸ್ ಲೀಡರ್ ಬೋರ್ಡಿನ ಮೂಲೆಯಲ್ಲಿ ಮಾತಾಡಿದವರ ಹೆಸರು ಬರೆಯುತ್ತಾನೆ. ಸ್ವಲ್ಪ ಯೋಚಿಸಿ ನೋಡಿ. ಮಕ್ಕಳ ಪರವಾಗಿ ಮಾತಾಡಲಿ ಅಂತ ಓಟು ಹಾಕಿ ಆರಿಸಿದ ಹುಡುಗನಿಗೆ ನಾವು ಕೊಡುವ ಮೊದಲ ಕೆಲಸ, ಯಾರು ಮಾತಾಡಿದರು ಅಂತ ದೂರು ಕೊಡುವುದು!

ಇದನ್ನು ತಮಾಷೆಯ ಮಾತು ಅಂದುಕೊಳ್ಳಬೇಡಿ. ಮಕ್ಕಳಿಗೆ ಮಾತ್ರ ಗೊತ್ತಿರುವ ಕೆಲವು ಸಂಗತಿಗಳು ಶಾಲೆಯಲ್ಲಿ ಇರುತ್ತವೆ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇದೆಯೋ ಇಲ್ಲವೋ, ನಲ್ಲಿಯಲ್ಲಿ ನೀರು ಎಷ್ಟು ಗಂಟೆಗೆ ನಿಲ್ಲುತ್ತದೆ, ಬಿಸಿಯೂಟದ ಸಾಂಬಾರಿಗೆ ಖಾರ ಹೆಚ್ಚಾಗಿ ಒಂದನೇ ಕ್ಲಾಸಿನವರು ಅನ್ನ ಬಿಡುತ್ತಾರೋ, ಬಸ್ಸಿನಲ್ಲಿ ಯಾರು ತೊಂದರೆ ಕೊಡುತ್ತಾರೆ ಎಂಬುದು ಪರಿಶೀಲನೆಗೆ ಬಂದ ಅಧಿಕಾರಿಗೆ ಒಂದು ಗಂಟೆಯಲ್ಲಿ ಕಾಣುವುದಿಲ್ಲ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಶುರುವಾದ ‘ವಾಟರ್ ಬೆಲ್’ ನಮ್ಮ ರಾಜ್ಯಕ್ಕೂ ಬಂತು. ಗಂಟೆ ಹೊಡೆದಾಗ ಮಕ್ಕಳು ನೀರು ಕುಡಿಯಬೇಕು. ಒಳ್ಳೆಯ ಯೋಜನೆ. ಆದರೆ ಶೌಚಾಲಯ ಸರಿ ಇಲ್ಲದಿದ್ದರೆ ಎಷ್ಟು ಗಂಟೆ ಹೊಡೆದರೂ ಹೆಣ್ಣುಮಕ್ಕಳು ನೀರು ಕುಡಿಯುವುದಿಲ್ಲ. ಸಂಜೆ ಮನೆಗೆ ಬಂದ ಮಗಳ ಬಾಟಲಿಯಲ್ಲಿ ನೀರು ಹಾಗೇ ಇದ್ದರೆ ಉಮ್ಮ ಬೈಯುತ್ತಾಳೆ. ಯಾಕೆ ಕುಡಿಯಲಿಲ್ಲ ಅಂತ ಕೇಳುವವರು ಕಡಿಮೆ.

ಊರಿಂದ ಊರಿಗೆ ಈ ಸಂಗತಿಗಳು ಬೇರೆಯಾಗುತ್ತವೆ. ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲೂಕಿನ ಹರಿಯಬ್ಬೆಯಂತಹ ಬಯಲುಸೀಮೆಯ ಊರನ್ನು ತೆಗೆದುಕೊಳ್ಳಿ. ಅದೇ ತಾಲೂಕಿನ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ರಾಜ್ಯವೇ ಸಂಭ್ರಮಪಟ್ಟಿತು. ಆದರೆ ಆ ಸೀಮೆಯಲ್ಲಿ ಮಳೆ ಕಡಿಮೆ, ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಣೆಕಟ್ಟು ತುಂಬಿದ್ದು ದೊಡ್ಡವರ ಸುದ್ದಿ. ಶಾಲೆಯ ಟ್ಯಾಂಕಿಗೆ ಬರುವುದು ಯಾವ ನೀರು, ಶುದ್ಧ ನೀರಿನ ಘಟಕ ಕೆಟ್ಟು ಎಷ್ಟು ದಿನವಾಯಿತು, ಅದು ಮಕ್ಕಳ ಸುದ್ದಿ. ನಮ್ಮ ಕರಾವಳಿಯಲ್ಲಿ ಇದು ತಿರುವುಮುರುವು. ಇಲ್ಲಿ ಮಳೆ ಹೆಚ್ಚು, ಹಳ್ಳ ತೋಡುಗಳು ಹೆಚ್ಚು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ತುಂಬಿದ ಹಳ್ಳಕ್ಕೆ ಬಿದ್ದು ಪ್ರಾಣ ಕಳೆದುಕೊಂಡಳು. ಆಮೇಲೆ ನಾಯಕರು ಬಂದರು, ಅಧಿಕಾರಿಗಳು ಬಂದರು, ಕಾಲುಸಂಕಗಳ ಲೆಕ್ಕ ಶುರುವಾಯಿತು. ಯಾವ ಸಂಕ ಅಲ್ಲಾಡುತ್ತದೆ ಅಂತ ಅದರ ಮೇಲೆ ದಿನಾ ನಡೆಯುವ ಮಕ್ಕಳಿಗೆ ಯಾವಾಗಲೂ ಗೊತ್ತಿರುತ್ತದೆ. ಅವರನ್ನು ಮೊದಲೇ ಕೇಳುವ ಪದ್ಧತಿ ಪ್ರತಿ ಊರಿನಲ್ಲೂ ಇರಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಹಾಗೆ ಕೇಳಿದ ಉದಾಹರಣೆ ಇರುವುದೂ ನಮ್ಮ ಉಡುಪಿ ಜಿಲ್ಲೆಯ ಕಡೆಯೇ. 1990ರ ದಶಕದ ಮಧ್ಯದಲ್ಲಿ ಕುಂದಾಪುರ ತಾಲೂಕಿನ ಕೆರಾಡಿ, ಆಲೂರು ಮೊದಲಾದ ಊರುಗಳಲ್ಲಿ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಬೆಂಬಲದಿಂದ ಮಕ್ಕಳ ಪಂಚಾಯತ್‌ಗಳು ಶುರುವಾದವು. ಶಾಲೆಗೆ ಹೋಗುವ ಮಕ್ಕಳು, ದುಡಿಯುವ ಮಕ್ಕಳು ಇಬ್ಬರೂ ಸೇರಿ ತಮ್ಮ ಪ್ರತಿನಿಧಿಗಳನ್ನು ಆರಿಸಿದರು. ಮನೆಮನೆಗೆ ಹೋಗಿ ಮಾಹಿತಿ ಕಲೆಹಾಕಿದರು, ಊರಿನ ನಕ್ಷೆ ಬರೆದರು, ಹಳ್ಳ ದಾಟಲು ಕಾಲುಸಂಕ ಬೇಕು ಎಂಬಂತಹ ಬೇಡಿಕೆಗಳನ್ನು ಪಂಚಾಯತ್ ಮುಂದೆ ಇಟ್ಟರು. ಸುಮ್ಮನೆ ಗಲಾಟೆ ಮಾಡಲಿಲ್ಲ, ಲೆಕ್ಕ ಹಿಡಿದು ಮಾತಾಡಿದರು. ಮುಂದೆ ಸರಕಾರವೇ ರಾಜ್ಯದ ಎಲ್ಲ ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕು ಅಂತ ಸುತ್ತೋಲೆ ಹೊರಡಿಸಿತು. ಈಗ ಕೆರಾಡಿಗೂ ಹರಿಯಬ್ಬೆಗೂ ಅದೇ ನಿಯಮ. ಸಾಮಾನ್ಯವಾಗಿ ನವೆಂಬರ್ ಮಕ್ಕಳ ದಿನಾಚರಣೆಯ ಹೊತ್ತಿಗೆ ಈ ಸಭೆ ನಡೆಯುತ್ತದೆ.

ಕಾನೂನಿನ ಬಲವೂ ಇದೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಮಗುವಿಗೆ ಸಂಬಂಧಪಟ್ಟ ವಿಷಯದಲ್ಲಿ ಮಗುವಿನ ಅಭಿಪ್ರಾಯವನ್ನು ಅದರ ವಯಸ್ಸು, ತಿಳಿವಳಿಕೆ ನೋಡಿ ಪರಿಗಣಿಸಬೇಕು ಅನ್ನುತ್ತದೆ. ಭಾರತ 1992ರಲ್ಲಿ ಇದನ್ನು ಒಪ್ಪಿಕೊಂಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ 2001ರಿಂದಲೇ ಇದೆ. ಅಂದರೆ ಬಾಗಿಲು ತೆರೆದೇ ಇದೆ. ಒಳಗೆ ಹೋಗುವವರು ಬೇಕು.

“ಮಕ್ಕಳಿಗೆ ಜಾಸ್ತಿ ಸಲಿಗೆ ಕೊಟ್ಟರೆ ತಲೆ ಮೇಲೆ ಕೂರುತ್ತವೆ ಉಸ್ತಾದರೇ” ಅಂತ ಕೆಲವರು ಹೇಳುವುದುಂಟು. ಅವರ ಆತಂಕದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಗುರುಹಿರಿಯರ ಮುಂದೆ ಅದಬ್ ಬೇಕೇ ಬೇಕು. ಆದರೆ ಅದಬ್ ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅಲ್ಲ. ಪ್ರವಾದಿಯವರ (ಸ.ಅ.) ಬಲಗಡೆ ಒಬ್ಬ ಹುಡುಗ, ಎಡಗಡೆ ಹಿರಿಯರು ಕೂತಿದ್ದ ಘಟನೆ ಮದ್ರಸ ಕಲಿತ ಎಲ್ಲರಿಗೂ ಗೊತ್ತು. ಪಾನೀಯವನ್ನು ಮೊದಲು ಹಿರಿಯರಿಗೆ ಕೊಡಲೇ ಅಂತ ಅವರು ಆ ಹುಡುಗನ ಅನುಮತಿ ಕೇಳಿದರು. ತಮ್ಮಿಂದ ಸಿಗುವ ಪಾಲನ್ನು ಬೇರೆಯವರಿಗೆ ಬಿಟ್ಟುಕೊಡಲಾರೆ ಅಂದ ಹುಡುಗ. ಅವರು ಬೈಯಲಿಲ್ಲ, ಲೋಟವನ್ನು ಅವನ ಕೈಗೇ ಕೊಟ್ಟರು. ಚಿಕ್ಕವನನ್ನು ಕೇಳಿದ್ದರಿಂದ ಅಲ್ಲಿದ್ದ ಹಿರಿಯರ ಮರ್ಯಾದೆಯೇನೂ ಕಡಿಮೆ ಆಗಲಿಲ್ಲ. ಅದೂ ಅಲ್ಲದೆ, ಮರ್ಯಾದೆಯಿಂದ ಕೇಳುವ ದಾರಿ ಇಲ್ಲದ ಕಡೆಯೇ ಮಕ್ಕಳು ಹಟ, ಸುಳ್ಳು, ಶಾಲೆಗೆ ಚಕ್ಕರ್ ಹಿಡಿಯುವುದು ಕಲಿಯುತ್ತಾರೆ.

ನಮ್ಮ ಬ್ಯಾರಿ ಮನೆಗಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಬ್ಯಾರಿ ಭಾಷೆ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಒಂದನೇ ಎರಡನೇ ಕ್ಲಾಸಿನ ಮಗುವಿಗೆ ಹೊಟ್ಟೆನೋವು ಅಂತ ಹೇಳಲೂ ಪದ ಸಿಗದೆ ಅಳುತ್ತಾ ಕೂರುತ್ತದೆ. ಟೀಚರ್ ಅದನ್ನು ಹಟ ಅಂದುಕೊಳ್ಳುತ್ತಾರೆ. ಅಂತಹ ಕಡೆ ಆರನೇ ಏಳನೇ ಕ್ಲಾಸಿನ ಒಬ್ಬಳು ಅಕ್ಕ ಚಿಕ್ಕವರ ಮಾತನ್ನು ಅವರದೇ ಭಾಷೆಯಲ್ಲಿ ಕೇಳಿ ಟೀಚರಿಗೆ ಮುಟ್ಟಿಸಿದರೆ ಎಷ್ಟು ಉಪಕಾರ! ತುಳು, ಕೊಂಕಣಿ, ಲಂಬಾಣಿ, ಉರ್ದು ಮಾತಾಡುವ ಮಕ್ಕಳಿಗೂ ಇದೇ ಅನ್ವಯ. ಮಂತ್ರಿಮಂಡಲಕ್ಕೆ ಇದಕ್ಕಿಂತ ದೊಡ್ಡ ಖಾತೆ ಯಾವುದಿದೆ?

ಹಾಗಾದರೆ ಮಾಡಬೇಕಾದ್ದೇನು? ದುಡ್ಡು ಬೇಡ, ಹೊಸ ಆದೇಶವೂ ಬೇಡ.

ಒಂದು, ಆರಿಸುವ ಕ್ರಮ. ಫಸ್ಟ್ ರ‍್ಯಾಂಕ್ ಹುಡುಗನೇ ಪ್ರತಿ ವರ್ಷ ಲೀಡರ್, ಹುಡುಗಿ ಯಾವಾಗಲೂ ಉಪನಾಯಕಿ ಎಂಬುದು ನಿಲ್ಲಲಿ. ಪ್ರತಿ ಕ್ಲಾಸಿನಿಂದ ಒಬ್ಬ ಹುಡುಗ, ಒಬ್ಬಳು ಹುಡುಗಿ. ದಸರಾ ರಜೆಯ ನಂತರ ಬೇರೆ ಇಬ್ಬರು. ಹಿಂದಿನ ಬೆಂಚಿನವರಿಗೂ ಸರದಿ ಬರಲಿ. ಹೆಸರು ಬರೆಯುವ ಕೆಲಸದಿಂದ ಅವರನ್ನು ಬಿಡಿಸಿ.

ಎರಡು, ವಾರಕ್ಕೆ ಅರ್ಧ ಗಂಟೆ ಸಭೆ. ಶನಿವಾರ ಬೆಳಗ್ಗೆ ಆಗಬಹುದು. ಕ್ಲಾಸಿನವರ ಮಾತು ಕೇಳಿಕೊಂಡು ಬಂದು ಅಲ್ಲಿ ಹೇಳಬೇಕು. ಒಂದು ನೋಟ್‌ಬುಕ್ಕಿನಲ್ಲಿ ಮಕ್ಕಳೇ ಬರೆದಿಡಲಿ.

ಮೂರು, ಉತ್ತರ. ಇದು ಎಲ್ಲಕ್ಕಿಂತ ಮುಖ್ಯ. ಮುಂದಿನ ವಾರದೊಳಗೆ ಹೆಡ್‌ಮಾಸ್ತರರು ಪ್ರತಿಯೊಂದಕ್ಕೂ ಆಗುತ್ತದೆ, ಆಗುವುದಿಲ್ಲ, ಯಾಕೆ ಆಗುವುದಿಲ್ಲ ಅಂತ ಹೇಳಬೇಕು. ಆಟದ ಸಾಮಾನಿಗೆ ದುಡ್ಡಿಲ್ಲ ಅಂದರೆ ಮಕ್ಕಳು ಅರ್ಥ ಮಾಡಿಕೊಳ್ಳುತ್ತಾರೆ. ಉತ್ತರವೇ ಬಾರದಿದ್ದರೆ ಮೂರನೇ ವಾರಕ್ಕೆ ಅವರು ಕೇಳುವುದನ್ನೇ ಬಿಡುತ್ತಾರೆ. ಶಾಲೆಯ ಕೈಲಿ ಆಗದ ಸಂಗತಿ ಎಸ್‌ಡಿಎಂಸಿಗೆ, ಅಲ್ಲಿಂದ ಮಕ್ಕಳ ಗ್ರಾಮಸಭೆಗೆ ಹೋಗಲಿ.

ನಾಲ್ಕು, ಎಲ್ಲವೂ ಸಭೆಯಲ್ಲಿ ಹೇಳುವ ಸಂಗತಿ ಅಲ್ಲ. ಯಾರಾದರೂ ಮೈ ಮುಟ್ಟಿದರೆ, ಹೆದರಿಸಿದರೆ, ಮನೆಯಲ್ಲೇ ಹಿಂಸೆ ಇದ್ದರೆ ಆ ಭಾರವನ್ನು ಹತ್ತು ವರ್ಷದ ಲೀಡರ್ ತಲೆಗೆ ಹಾಕಬಾರದು. ಅದಕ್ಕೆ ನಂಬಿಕೆಯ ಟೀಚರ್, ಬೀಗ ಹಾಕಿದ ಸಲಹಾ ಪೆಟ್ಟಿಗೆ, ಮಕ್ಕಳ ಸಹಾಯವಾಣಿ 1098 ಇದೆ. ಆ ನಂಬರ್ ಗೋಡೆಯ ಮೇಲೆ ಮಕ್ಕಳ ಕಣ್ಣಿನ ಎತ್ತರಕ್ಕೆ ಬರೆದಿರಲಿ.

ಖಾಸಗಿ ಆಂಗ್ಲ ಮಾಧ್ಯಮ ಶಾಲೆಗಳೂ ಇದನ್ನು ತಮಗಲ್ಲ ಅಂದುಕೊಳ್ಳಬಾರದು. ಅಲ್ಲಿ ಬ್ಯಾಡ್ಜ್, ಬ್ಯಾಂಡ್‌ಸೆಟ್ ಇನ್ನೂ ಜೋರು. ಫೀಸು ಕಟ್ಟುವ ಹೆತ್ತವರು ಪೇರೆಂಟ್ಸ್ ಮೀಟಿಂಗಿನಲ್ಲಿ ಮಾರ್ಕ್ಸ್ ಕಾರ್ಡ್ ಜೊತೆ ಆ ನೋಟ್‌ಬುಕ್ಕನ್ನೂ ಕೇಳಲಿ. ಮದ್ರಸಗಳ ಆಡಳಿತ ಕಮಿಟಿಗಳಿಗೂ ಇದೇ ಮಾತು. ಬೆಳಗ್ಗೆ ಮದ್ರಸ, ಆಮೇಲೆ ಶಾಲೆ ಅಂತ ಓಡುವ ಮಕ್ಕಳು ಏನು ತಿಂದು ಬರುತ್ತಾರೆ, ಹೊತ್ತು ಸಾಲುತ್ತದಾ ಅಂತ ಅವರನ್ನೇ ಕೂರಿಸಿ ಕೇಳಿದರೆ ನಮ್ಮ ವೇಳಾಪಟ್ಟಿಯೂ ಸ್ವಲ್ಪ ಬದಲಾಗಬಹುದು.

ಕೊನೆಗೆ ಹೆತ್ತವರಲ್ಲಿ ಒಂದು ವಿನಂತಿ. ನಮ್ಮ ಮನೆಗಳಲ್ಲಿ ಉಪ್ಪ ಗಲ್ಫಿನಲ್ಲೋ ಅಂಗಡಿಯಲ್ಲೋ ಇರುತ್ತಾರೆ, ಶಾಲೆಯ ಸಭೆಗೆ ಹೋಗುವವಳು ಉಮ್ಮ. ಎಷ್ಟೋ ಉಮ್ಮಂದಿರು ಹಿಂದಿನ ಸಾಲಿನಲ್ಲಿ ಕೂತು, ಸಹಿ ಹಾಕಿ ಬರುತ್ತಾರೆ. ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ. ಮಕ್ಕಳ ಮಂತ್ರಿಮಂಡಲ ಈ ತಿಂಗಳು ಎಷ್ಟು ಸಲ ಕೂತಿದೆ? ಅವರು ಕೇಳಿದ್ದರಲ್ಲಿ ಯಾವುದು ಆಯಿತು, ಯಾವುದು ಬಾಕಿ? ಪಂಚಾಯತ್ ಸದಸ್ಯರಾಗಿರುವ ನಮ್ಮವರು ಈ ನವೆಂಬರಿನ ಮಕ್ಕಳ ಗ್ರಾಮಸಭೆಯಲ್ಲಿ ಭಾಷಣ ಮೊಟಕು ಮಾಡಿ, ಕಳೆದ ವರ್ಷ ಮಕ್ಕಳು ಕೇಳಿದ್ದ ಬೇಡಿಕೆಗಳ ಪಟ್ಟಿಯನ್ನು ಮೊದಲು ಓದಿಸಲಿ. ಸಂಜೆ ಮಗ ಶಾಲೆಯಿಂದ ಬಂದಾಗ ಎಷ್ಟು ಮಾರ್ಕು ಅಂತ ಕೇಳುವ ಮೊದಲು, ಇವತ್ತು ನೀನು ಟೀಚರ್ ಹತ್ತಿರ ಏನು ಕೇಳಿದೆ ಅಂತ ಒಮ್ಮೆ ಕೇಳಿ ನೋಡಿ.